ಮೂಲರೂಪವೆಂದರೆ ಯಾವ ದಿನದ ರೂಪ?

ಜೀರ್ಣೋದ್ಧಾರವೆಂಬ ಮಾತನ್ನು ನಾವು ದೇವಾಲಯಗಳಿಗೆ ಮೀಸಲಾಗಿಟ್ಟಿದ್ದೇವೆ. ಗೋಪುರ ಬಿರಿದರೆ ಊರಿನವರು ಚಂದಾ ಎತ್ತುತ್ತಾರೆ. ಕೆತ್ತನೆಯ ಕಂಬಗಳಿಗೆ ಸುಣ್ಣ ಬಳಿಯುತ್ತಾರೆ. ಮುಂದಿನ ತಲೆಮಾರಿನವರು ಬಂದು ಆ ಸುಣ್ಣವನ್ನು ಕೆರೆದು ತೆಗೆದು, ಹಿಂದಿನವರ ಅರಸಿಕತೆಯನ್ನು ಹಳಿಯುತ್ತಾರೆ. ಇಬ್ಬರೂ ಮಾಡಿದ್ದು ಭಕ್ತಿಯಿಂದಲೇ. ಈ ಮಾತನ್ನು ಡೀಸೆಲ್ ರೈಲುಗಾಡಿಗೆ ಹಚ್ಚಿದರೆ ವಾಚಕರು ನಕ್ಕಾರು. ಉಗಿಯ ಎಂಜಿನ್ನಾದರೆ ಆ ಗೌರವವನ್ನು ಒಪ್ಪಿಕೊಳ್ಳಬಹುದು. ಅದಕ್ಕೆ ಬೆಂಕಿಯುಂಟು, ಉಸಿರುಂಟು, ಕವಿಗಳ ಕಣ್ಣಿಗೆ ಬೀಳುವ ಭಾಗ್ಯವೂ ಉಂಟು. ಡೀಸೆಲ್ ಗಾಡಿಗೇನುಂಟು? ಎಣ್ಣೆಯ ನಾತ, ಒಂದೇ ಸಮನೆಯ ಗುರುಗುರು. ಆದರೂ ಇಂಗ್ಲೆಂಡಿನಲ್ಲಿ ಎಷ್ಟೋ ಜನ ತಮ್ಮ ಶನಿವಾರ ಭಾನುವಾರಗಳನ್ನು ಈ ಗಾಡಿಗಳ ತುಕ್ಕು ಕೆರೆಯುವುದರಲ್ಲಿ ಸಂತೋಷದಿಂದ ಕಳೆಯುತ್ತಿದ್ದಾರೆ. ಅವರ ಗುರಿ ಒಂದೇ: ಗಾಡಿ ತನ್ನ ಮೂಲರೂಪಕ್ಕೆ ಮರಳಬೇಕು. ಅವರ ಶ್ರದ್ಧೆಯ ವಿಷಯದಲ್ಲಿ ನನಗೆ ಸಂದೇಹವಿಲ್ಲ. ‘ಮೂಲರೂಪ’ವೆಂಬ ಆ ಮಾತಿನ ವಿಷಯದಲ್ಲಿ ಮಾತ್ರ ಇದೆ.

ಸಂದೇಹದ ಕಾರಣ ತಿಳಿಯಬೇಕಾದರೆ ಈ ಗಾಡಿಗಳ ಹುಟ್ಟನ್ನು ಸ್ವಲ್ಪ ನೋಡಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ರೈಲುಗಳು ದಣಿದು ಹೋಗಿದ್ದವು. ಸಣ್ಣ ಊರುಗಳ ಕವಲುದಾರಿಗಳಲ್ಲಿ ಪ್ರಯಾಣಿಕರು ಬಸ್ಸು ಕಾರುಗಳ ಕಡೆಗೆ ಸರಿಯುತ್ತಿದ್ದರು. ಅಂಥ ಹೊತ್ತಿನಲ್ಲಿ, 1954ರಲ್ಲಿ, ಡಾರ್ಬಿಯ ಕಾರ್ಖಾನೆಯಿಂದ ಹಗುರ ಲೋಹದ ಡೀಸೆಲ್ ಗಾಡಿಗಳು ಹೊರಬಂದವು. ಮರುವರ್ಷ ಪ್ರಕಟವಾದ ನವೀಕರಣ ಯೋಜನೆ ಅವಕ್ಕೆ ಬೆನ್ನಾಸರೆಯಾಯಿತು. 1960ರ ದಶಕದ ಮೊದಲ ಭಾಗ ಮುಗಿಯುವುದರೊಳಗೆ ಇಂಥ 4,000ಕ್ಕೂ ಹೆಚ್ಚು ಡಬ್ಬಿಗಳು ಹಳಿಯ ಮೇಲಿದ್ದವು. ಇವಕ್ಕೆ ಮುಂದೆ ನಿಂತು ಎಳೆಯುವ ಪ್ರತ್ಯೇಕ ಎಂಜಿನ್ನಿಲ್ಲ. ಡಬ್ಬಿಯ ನೆಲದ ಕೆಳಗೇ ಬಸ್ಸಿನ ಜಾತಿಯ ಎರಡು ಎಂಜಿನ್ನುಗಳು, ಹಲವಕ್ಕೆ ತಲಾ 150 ಅಶ್ವಶಕ್ತಿ. ಡ್ರೈವರನೂ ಬಸ್ಸಿನವನಂತೆಯೇ ಒಂದು, ಎರಡು, ಮೂರು, ನಾಲ್ಕು ಎಂದು ಗೇರು ಬದಲಿಸಬೇಕು. ಕೊನೆಯ ನಿಲ್ದಾಣದಲ್ಲಿ ಎಂಜಿನ್ನನ್ನು ಕಳಚಿ ಇನ್ನೊಂದು ತುದಿಗೆ ತಂದು ಕಟ್ಟುವ ರಗಳೆಯಿಲ್ಲ. ಡ್ರೈವರು ತಾನೇ ಈ ತುದಿಯಿಂದ ಆ ತುದಿಗೆ ನಡೆದು ಹೋದರಾಯಿತು. ಇವೆಲ್ಲ ಲೆಕ್ಕಪತ್ರದವರಿಗೆ ಹಿಡಿಸಿದ ಗುಣಗಳು. ಪ್ರಯಾಣಿಕರ ಮನಸ್ಸನ್ನು ಕದ್ದ ಗುಣವೇ ಬೇರೆ. ಡ್ರೈವರನ ಬೆನ್ನ ಹಿಂದಿನ ಅಡ್ಡಗೋಡೆಗೆ ಗಾಜು ಹಾಕಿದ್ದರು. ಮುಂದಿನ ಆಸನದಲ್ಲಿ ಕುಳಿತವರಿಗೆ, ಅವನ ಹೆಗಲ ಮೇಲಿನಿಂದ, ಹಳಿ ತಮ್ಮತ್ತ ಓಡಿಬರುವುದು ಕಾಣುತ್ತಿತ್ತು. ಅದುವರೆಗೆ ಪಕ್ಕದ ಕಿಟಕಿಯಿಂದ ಮಾತ್ರ ಲೋಕವನ್ನು ಕಂಡಿದ್ದ ರೈಲುಪ್ರಯಾಣಿಕನು ಮೊದಲ ಬಾರಿಗೆ ತಾನು ಹೋಗುವ ಕಡೆಗೆ ನೋಡಿದನು. ಈ ಗಾಡಿಗಳನ್ನು ಇಂದು ಉಳಿಸುತ್ತಿರುವ ನರೆಗೂದಲಿನ ಮಹನೀಯರಲ್ಲಿ ಬಹಳ ಮಂದಿ ಆ ಮುಂದಿನ ಆಸನಕ್ಕಾಗಿ ಓಡಿದ ಹುಡುಗರೇ ಇರಬೇಕೆಂದು ನನ್ನ ಊಹೆ.

ಅವರ ಕೆಲಸ ಸುಲಭದ್ದಲ್ಲ. ಹಳೆಯ ಬಣ್ಣವನ್ನು ತಿಳಿಯುವುದೇ ಒಂದು ಪರಿಶೋಧನೆ. ಕಪ್ಪು ಬಿಳುಪಿನ ಛಾಯಾಚಿತ್ರ ಬಣ್ಣ ಹೇಳದು. ಬಣ್ಣದ ಚಿತ್ರ ಮಾಸಿ ಸುಳ್ಳು ಹೇಳುತ್ತದೆ. ಆದುದರಿಂದ ಡಬ್ಬಿಯ ಮೈಮೇಲೆ ಅಂಗೈಯಗಲದ ಒಂದು ಜಾಗವನ್ನು ಹಿಡಿದು, ಮರಳುಕಾಗದದಿಂದ ಮೆಲ್ಲಮೆಲ್ಲನೆ ತೇಯುತ್ತ ಒಳಕ್ಕೆ ಇಳಿಯುತ್ತಾರೆ. ಮರದ ಕೊರಡಿನಲ್ಲಿ ಕಾಣುವಂತೆ ಬಳೆಬಳೆಯಾಗಿ ಪದರಗಳು ತೆರೆದುಕೊಳ್ಳುತ್ತವೆ: ನೀಲಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಇನ್ನೊಂದು ಹಸಿರು, ಕೊನೆಗೆ ಬೋಳು ಲೋಹ. ಇತಿಹಾಸದ ಅಧ್ಯಾಪಕರು ತರಗತಿಗೆ ಹಿಡಿದು ತೋರಿಸಬಹುದಾದ ವಸ್ತು ಅದು.

ತೊಡಕಿರುವುದೂ ಅಲ್ಲಿಯೇ. ಈ ಬಳೆಗಳಲ್ಲಿ ಮೂಲವೆಂಬುದು ಯಾವುದು? 1954ರ ಗಾಡಿಗಳು ಬರಿಯ ಹಸಿರಿನಲ್ಲಿ ಬಂದವು. ಕೆಲಕಾಲದ ಮೇಲೆ ಅವುಗಳ ಮೋರೆಗೆ ಕೆನೆಬಣ್ಣದ ಪಟ್ಟೆಗಳನ್ನು ಬರೆದರು. ನಡುವಿನಿಂದ ಎರಡು ಕಡೆಗೂ ಚಾಚಿದ ಆ ಗೆರೆಗಳನ್ನು ಜನ ಬೆಕ್ಕಿನ ಮೀಸೆಗೆ ಹೋಲಿಸಿದರು. 1960ರ ದಶಕದ ಮೊದಲ ವರ್ಷಗಳಲ್ಲಿ ಮೀಸೆ ಹೋಗಿ, ಆ ಜಾಗದಲ್ಲಿ ಹಳದಿಯ ಒಂದು ಫಲಕ ಬಂದಿತು. 1965ರಲ್ಲಿ ಬ್ರಿಟಿಷ್ ರೈಲು ತನ್ನ ಸಂಸ್ಥೆಗೆಲ್ಲ ಹೊಸ ವೇಷ ತೊಡಿಸಿತು. ಎರಡು ಬಾಣಗಳ ಆ ಪ್ರಸಿದ್ಧ ಲಾಂಛನ ಹುಟ್ಟಿದುದು ಆಗಲೇ. ಹಸಿರು ಗಾಡಿಗಳು ಒಂದೊಂದಾಗಿ ನೀಲಿಯಾದವು, ಹಳದಿ ಮುಖವನ್ನೆಲ್ಲ ತುಂಬಿತು. ನಮ್ಮ ಕಡೆ ಕಾವಿಗೆಂಪಿನ ಬೋಗಿಗಳು 1990ರ ದಶಕದಲ್ಲಿ ನೀಲಿಯಾದಾಗ, ಪರಿಚಿತರೊಬ್ಬರು ಜಾತಿಯನ್ನೇ ಬದಲಿಸಿಕೊಂಡರೇನೋ ಎಂಬಂತೆ ನಮಗೆಲ್ಲ ಕಸಿವಿಸಿಯಾಗಿತ್ತಲ್ಲವೆ? ಅಲ್ಲಿಯೂ ಹಾಗೆಯೇ ಆಗಿರಬೇಕು. ಆದರೆ ಲೆಕ್ಕ ಹಾಕಿ ನೋಡಿ: 1957ರಲ್ಲಿ ಹುಟ್ಟಿದ ಗಾಡಿಯೊಂದು ಮೀಸೆ ಹೊತ್ತು ಮೆರೆದದ್ದು ಐದಾರು ವರ್ಷ, ಹಳದಿ ಮುಖದಿಂದ ದುಡಿದದ್ದು ಇಪ್ಪತ್ತು ಮೂವತ್ತು ವರ್ಷ. ಈ ಪೀಳಿಗೆಯ ಗಾಡಿಗಳು ಮುಖ್ಯ ರೈಲುದಾರಿಗಳಿಂದ ಹೆಚ್ಚುಕಡಿಮೆ ಮರೆಯಾದದ್ದು 2003ರಲ್ಲಿ. ಅವುಗಳ ಒಂಟಿ ಡಬ್ಬಿಗಳಲ್ಲಿ ಒಂದೆರಡು 2017ರವರೆಗೂ ಓಡಿದವು. ಹೀಗಿದ್ದೂ ಮೂಲರೂಪಕ್ಕೆ ತರುತ್ತೇವೆಂದು ಹೊರಟವರಲ್ಲಿ ಹಲವರ ಕೈ ಮೊದಲು ಹೋಗುವುದು ಹಸಿರಿಗೆ ಮತ್ತು ಮೀಸೆಗೆ. ಮದುವೆಯ ದಿನದ ಭಾವಚಿತ್ರವನ್ನೇ ಆಯುಷ್ಯದ ಭಾವಚಿತ್ರವೆಂದು ನಡುಮನೆಯಲ್ಲಿ ತೂಗುಹಾಕಿದಂತೆ ಇದು.

ಹಸಿರು ಚೆನ್ನಾಗಿ ಕಾಣುತ್ತದೆ, ನಿಜ. ಹಳದಿ ಕಣ್ಣಿಗೆ ಒರಟು, ಅದೂ ನಿಜ. ಆದರೆ ಆ ಹಳದಿ ಯಾವ ಕಲಾವಿದನ ಚಪಲವೂ ಆಗಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ಉಗಿಯ ಎಂಜಿನ್ನು ತನ್ನ ಬರವನ್ನು ತಾನೇ ಸಾರಿಕೊಂಡು ಬರುತ್ತದೆ. ಹೊಗೆ ಮೈಲಿಯಾಚೆ ಕಾಣುತ್ತದೆ, ಸದ್ದು ಅದಕ್ಕೂ ಮೊದಲೇ ಮುಟ್ಟುತ್ತದೆ. ಹಳಿಯ ಮೇಲೆ ಬಾಗಿ ಕೆಲಸ ಮಾಡುವ ಗ್ಯಾಂಗಿನವರಿಗೆ ಅದೇ ಎಚ್ಚರಿಕೆಯಾಗಿತ್ತು. ಡೀಸೆಲ್ ಗಾಡಿ ಬಂದಾಗ ಹೊಗೆಯ ಬಾವುಟ ಮಾಯವಾಯಿತು, ಸದ್ದು ತಗ್ಗಿತು, ವೇಗ ಏರಿತು. ಕಡುಹಸಿರು ಮೋರೆಯ ಗಾಡಿ ಪೊದೆಗಳ ನಡುವಿನ ತಿರುವಿನಲ್ಲಿ ಬಂದರೆ ತಲೆಯೆತ್ತಿ ನೋಡಿದವನಿಗೂ ಕಾಣುವುದು ಕಷ್ಟ. ಮೀಸೆಯ ಪಟ್ಟೆಗಳ ಹಿಂದೆಯೇ ಈ ಚಿಂತೆ ಸ್ವಲ್ಪವಿತ್ತು. ಸಾಲದಾದಾಗ ಹಳದಿ ಬಂದಿತು. ಹಾರೆ ಗುದ್ದಲಿ ಹಿಡಿದವನ ಪ್ರಾಣಕ್ಕಾಗಿ ಬಳಿದ ಬಣ್ಣ ಅದು. 2016ರಲ್ಲಿ, ಬಲವಾದ ದೀಪಗಳುಳ್ಳ ಗಾಡಿಗಳಿಗೆ ಹಳದಿ ಮುಖ ಕಡ್ಡಾಯವಲ್ಲವೆಂದು ಅಲ್ಲಿಯ ನಿಯಮ ಸಡಿಲವಾಗುವವರೆಗೆ, ಸುಮಾರು ಅರ್ಧ ಶತಮಾನ ಕಾಲ ಅದು ಆ ದೇಶದ ರೈಲಿನ ಮುಖಲಕ್ಷಣವೇ ಆಗಿತ್ತು. ಇದನ್ನು ‘ಆಮೇಲಿನ ವಿಕಾರ’ವೆಂದು ಕೆರೆದು ಹಾಕುವವರು ಬಣ್ಣದ ಜೊತೆಗೆ ಆ ಕೂಲಿಯವನನ್ನೂ ಚಿತ್ರದಿಂದ ಅಳಿಸಿದಂತಾಗುತ್ತದೆ. ನನ್ನ ತಕರಾರು ಇದೇ. ಹಸಿರು ಬೇಡವೆಂದು ನಾನು ಹೇಳುತ್ತಿಲ್ಲ. ಒಂದೆರಡು ಗಾಡಿಗಳು ಮೊದಲ ದಿನದ ಸಿಂಗಾರದಲ್ಲಿರಲಿ. ಹಸಿರೊಂದೇ ಮೂಲ, ನೀಲಿ ಹಳದಿಗಳು ಅದರ ಕೊಳೆ ಎಂಬ ಭಾವನೆ ಮಾತ್ರ ಸಲ್ಲದು. ಯಾವ ವರ್ಷದ ರೂಪವನ್ನು ಆರಿಸಿಕೊಂಡೆವೆಂದು ಗಾಡಿಯ ಪಕ್ಕದ ಫಲಕದಲ್ಲಿ ಒಂದು ಸಾಲು ಬರೆದರೆ ಯಾರ ಗಂಟೂ ಹೋಗದು.

ಮೂಲವನ್ನು ಅಕ್ಷರಶಃ ಹಿಡಿಯುವೆವೆಂದು ಹಟ ಹಿಡಿದವರೂ ಒಂದೆಡೆ ಸೋಲೊಪ್ಪಲೇಬೇಕು. ಈ ಡಬ್ಬಿಗಳಲ್ಲಿ ಹಲವನ್ನು ಕಟ್ಟಿದಾಗ, ಚಳಿಯನ್ನೂ ಸದ್ದನ್ನೂ ತಡೆಯಲು, ಗೋಡೆಗಳ ಒಳಗೆ ನೀಲಿ ಕಲ್ನಾರನ್ನು ಸಿಂಪಡಿಸಿದ್ದರು. ಅದರ ಧೂಳು ಪುಪ್ಪುಸವನ್ನು ಹೊಕ್ಕರೆ ದಶಕಗಳ ತರುವಾಯ ಪ್ರಾಣಕ್ಕೆ ಎರವಾಗುತ್ತದೆಂಬ ಸಂಗತಿ ಆಮೇಲೆ ಎಲ್ಲರಿಗೂ ತಿಳಿಯಿತು. ಕಲ್ನಾರಿನ ದೆಸೆಯಿಂದಲೇ ಎಷ್ಟೋ ಡಬ್ಬಿಗಳು ಗುಜರಿಗೆ ಹೋದವು. ಉಳಿದವುಗಳ ಒಳಮೈಯನ್ನೆಲ್ಲ ಬಿಚ್ಚಿ ಶುದ್ಧಿಮಾಡಬೇಕಾಯಿತು. ಅದೂ ಮೂಲದ ಭಾಗವೇ. ಅದನ್ನು ಮರಳಿ ತುಂಬಬೇಕೆನ್ನುವ ಮೂಲನಿಷ್ಠರು ಇದುವರೆಗೆ ಯಾರೂ ಹುಟ್ಟಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗವೊಂದಿದೆ. 1970ರ ದಶಕದಲ್ಲಿ ಗಂಟೆಗೆ 125 ಮೈಲಿ ಓಡುವ ಡೀಸೆಲ್ ಗಾಡಿಯೊಂದನ್ನು ಬ್ರಿಟಿಷ್ ರೈಲು ಯೋಜಿಸಿತು. ಅದರ ಮಾದರಿಗಾಡಿ 1973ರ ಜೂನಿನಲ್ಲಿ 143 ಮೈಲಿಯ ವೇಗ ಮುಟ್ಟಿ ಡೀಸೆಲ್ ಗಾಡಿಗಳಲ್ಲಿ ದಾಖಲೆ ಮಾಡಿತು. ಈ ಗಾಡಿಗೆ ಬಣ್ಣ ಸೂಚಿಸಿಕೊಡಿ ಎಂದು ಕೆನೆತ್ ಗ್ರೇಂಜ್ ಎಂಬ ವಿನ್ಯಾಸಕಾರನನ್ನು ಕೇಳಿಕೊಂಡರು. ಕೇಳಿದ್ದು ಬಣ್ಣ ಮಾತ್ರ. ಅವನಿಗೆ ಅದರ ಮೂತಿಯೇ ಒಪ್ಪಿಗೆಯಾಗಲಿಲ್ಲ. ತಾನಾಗಿಯೇ ಮಾದರಿಗಳನ್ನು ಮಾಡಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗಾಳಿಸುರಂಗದಲ್ಲಿ ಪರೀಕ್ಷಿಸಿ, ನೇಗಿಲ ಗುಳದಂತೆ ಇಳಿಜಾರಾದ ಹೊಸ ಮೂಗನ್ನೇ ತಂದೊಪ್ಪಿಸಿದನು. 1976ರ ಅಕ್ಟೋಬರಿನಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ನಿನಿಂದ ಓಡತೊಡಗಿದುದು ಆ ಮೂಗಿನ ಗಾಡಿ. ಹಳದಿಯನ್ನು ಅವನು ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ. ಅದನ್ನು ಮುಖದಿಂದ ಪಕ್ಕೆಗೆ ಎಳೆದು, ನೀಲಿಯ ನಡುವೆ ಹರಿಯಬಿಟ್ಟು, ಎಚ್ಚರಿಕೆಯ ಗುರುತನ್ನೇ ವೇಗದ ಗೆರೆಯನ್ನಾಗಿ ಮಾಡಿದನು. ಹಸಿರಿನವರು ಒರಟೆನ್ನುವ ಬಣ್ಣದಿಂದಲೇ ಆ ಕಾಲದ ಅತ್ಯಂತ ಸುಂದರವಾದ ಗಾಡಿ ಮೂಡಿತು.

ನಲವತ್ತು ವರ್ಷ ತುಂಬಿದಾಗ, 2016ರಲ್ಲಿ, ಆ ಗಾಡಿಗಳ ಎಂಜಿನ್ನುಗಳಲ್ಲಿ 43002 ಎಂಬುದಕ್ಕೆ 1976ರ ಬಣ್ಣವನ್ನೇ ಮರಳಿ ಬಳಿದು, ಗ್ರೇಂಜನ ಹೆಸರನ್ನಿಟ್ಟರು. ಅದು 2019ರಲ್ಲಿ ಯಾರ್ಕಿನ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯವನ್ನು ಸೇರಿತು. ಗ್ರೇಂಜನು 2024ರಲ್ಲಿ ತೀರಿಕೊಂಡನು. ನೋಡುವ ಕಣ್ಣಿಗೆ ಅದು ಮೊದಲ ದಿನದ ಗಾಡಿಯೇ. ಆದರೆ ಅದರ ಒಡಲಿನಲ್ಲಿ ಮೊದಲು ಇದ್ದುದು ಪ್ಯಾಕ್ಸ್‌ಮನ್ ಕಂಪನಿಯ ವಾಲೆಂಟಾ ಎಂಜಿನ್ನು: ಹನ್ನೆರಡು ಸಿಲಿಂಡರು, 2,250 ಅಶ್ವಶಕ್ತಿ, ನಿಲ್ದಾಣ ಬಿಡುವಾಗ ಕಿವಿಗಡಚಿಕ್ಕುವ ಚೀತ್ಕಾರ. ಆ ಚೀತ್ಕಾರವನ್ನು ಕೇಳಿ ಬೆಳೆದವರು ಕಣ್ಣು ಮುಚ್ಚಿಕೊಂಡೇ ಗಾಡಿಯನ್ನು ಗುರುತಿಸಬಲ್ಲರು. ಈ ಶತಮಾನದ ಮೊದಲ ದಶಕದಲ್ಲಿ ಅದನ್ನು ತೆಗೆದು ಜರ್ಮನಿಯ ಎಂಜಿನ್ನನ್ನು ಕೂಡಿಸಿದರು. ಹೊಗೆ ತಗ್ಗಿತು, ದನಿಯೂ ಅಡಗಿತು. ಬಣ್ಣ 1976ರದು, ಎದೆ ಮೂವತ್ತು ವರ್ಷ ಈಚಿನದು. ಇದು ಮೂಲರೂಪವೆ? ಇನ್ನೊಂದು ಕಡೆ, ಉತ್ಸಾಹಿಗಳ ಗುಂಪೊಂದು ವಸ್ತುಸಂಗ್ರಹಾಲಯದಲ್ಲಿ ಮೂಕವಾಗಿ ನಿಂತಿದ್ದ ಹಳೆಯ ಮಾದರಿಗಾಡಿಯ ಎಂಜಿನ್ನನ್ನು ಎರವಲು ಪಡೆದು, ವರ್ಷಗಟ್ಟಲೆ ದುಡಿದು, 2014ರಲ್ಲಿ ವಾಲೆಂಟಾದ ಬಲದಿಂದಲೇ ಅದನ್ನು ಓಡಿಸಿತು. ಎರಡರಲ್ಲಿ ಯಾವುದು ದೊಡ್ಡ ಜೀರ್ಣೋದ್ಧಾರವೆಂದು ಕೇಳಿದರೆ ನಾನು ಎರಡನೆಯದರತ್ತ ಕೈ ತೋರಿಸುವೆನು. ರೈಲುಗಾಡಿಯ ರೂಪ ಅರ್ಧ ಕಣ್ಣಿನದು, ಅರ್ಧ ಕಿವಿಯದು.

ಬಣ್ಣವೊಂದನ್ನೇ ನಂಬಿದರೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೂ ಅಲ್ಲಿಯೇ ನಿದರ್ಶನವಿದೆ. 1960ರಲ್ಲಿ ಓಡತೊಡಗಿದ ‘ಬ್ಲೂ ಪುಲ್‌ಮನ್’ ಎಂಬ ಐಷಾರಾಮದ ಡೀಸೆಲ್ ಗಾಡಿ, ನಾನ್‌ಕಿಂಗ್ ನೀಲಿಯ ಮೈ, ಕಿಟಕಿಗಳ ಸಾಲಿಗೆ ಬಿಳಿಯ ಪಟ್ಟಿ, ಬಲು ಚೆಲುವಾಗಿತ್ತು. 1973ರಲ್ಲಿ ಅದನ್ನು ಹಳಿಯಿಂದ ತೆಗೆದರು. ಉಳಿಸಬೇಕೆಂದು ಆಗ ಯಾರಿಗೂ ಅನಿಸಲಿಲ್ಲ, ಒಂದು ಡಬ್ಬಿಯೂ ಉಳಿಯಲಿಲ್ಲ. 2020ರ ಕೊನೆಗೆ, ಗ್ರೇಂಜನ ಮೂಗುಳ್ಳ ಗಾಡಿಯೊಂದಕ್ಕೇ ಆ ನೀಲಿ ಬಿಳುಪುಗಳನ್ನು ಬಳಿದು, ಹಳೆಯ ‘ಮಿಡ್‌ಲ್ಯಾಂಡ್ ಪುಲ್‌ಮನ್’ ಎಂಬ ಹೆಸರಿನಿಂದ ವಿಹಾರಯಾತ್ರೆಗಳಿಗೆ ಓಡಿಸತೊಡಗಿದರು. ಅಗಲಿದವರ ಅಂಗಿಯನ್ನು ತೊಟ್ಟು ಮನೆಗೆ ಬಂದ ನೆಂಟನಂತೆ ಅದು. ನೋಡಲು ಸೊಗಸಾಗಿದೆ, ಊಟವೂ ಚೆನ್ನಾಗಿರಬಹುದು. ಪ್ರಯಾಣಿಕರ ಸಂತೋಷಕ್ಕೆ ನಾನು ಅಡ್ಡಬರಲಾರೆ. ಜೀರ್ಣೋದ್ಧಾರವೆಂಬ ಹೆಸರು ಮಾತ್ರ ಅದಕ್ಕೆ ಬೇಡ.

ಹಸಿರು ಗಾಡಿಗಳ ಮಾತಿಗೆ ಮರಳುತ್ತೇನೆ. ಉಳಿದಿರುವ ಡಬ್ಬಿಗಳಲ್ಲಿ ಹಲವು ಈಗಲೂ ಶೆಡ್ಡಿನ ಹಿಂದೆ ಮಳೆಯಲ್ಲಿ ನೆನೆಯುತ್ತಿವೆ. ಅವುಗಳ ಸರದಿ ಬರಬೇಕಾಗಿದೆ. ಸರದಿ ಬಂದ ದಿನ, ಮರಳುಕಾಗದ ಹಿಡಿದು ಆ ಹಳದಿಯ ಮುಂದೆ ನಿಲ್ಲುವ ಸಜ್ಜನರು ಒಂದು ಗಳಿಗೆ ಕೈ ತಡೆಯಲಿ. ಮೀಸೆ ಅದರ ಕೆಳಗೇ ಇರುತ್ತದೆ; ಅದೆಲ್ಲಿಗೂ ಹೋಗುವುದಿಲ್ಲ.