ನಿರಾಕರಿಸಿದವರ ಪಟ್ಟಿ

ನಮ್ಮ ಕೇರಿಯವರಿಗೆ ಕೋವಿಡ್ ಲಸಿಕೆ ಅಂದ್ರೆ ಭಯವಂತೆ. ಮೂಢನಂಬಿಕೆಯಂತೆ. 2021ರಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಸಾಲುಗಳ ನಡುವೆ ಮೈಕು ಕಟ್ಟಿಕೊಂಡ ಆಟೋ ಓಡಾಡಿದ್ದೇ ಓಡಾಡಿದ್ದು: ಹೆದರಬೇಡಿ, ವದಂತಿ ನಂಬಬೇಡಿ. ಯಾವುದಕ್ಕೆ ಹೆದರ್ತೀರಿ ಅಂತ ಇಳಿದು ಕೇಳೋ ಪುರುಸೊತ್ತು ಮಾತ್ರ ಯಾರಿಗೂ ಇರಲಿಲ್ಲ.

ನಾನು ಹೇಳ್ತೀನಿ, ಕೇಳಿ.

ನನ್ನ ಅಣ್ಣ ಕಾಯಿ ಸುಲಿಯೋನು. ನೆಲಕ್ಕೆ ನೆಟ್ಟ ಸಲಾಕೆಗೆ ಕಾಯಿ ಕುಕ್ಕಿ, ರಟ್ಟೆಯ ಬಲದಲ್ಲಿ ತಿರುವಿ ಮಟ್ಟೆ ಬಿಡಿಸಬೇಕು. ಸಾವಿರಕ್ಕಿಷ್ಟು ಅಂತ ಕೂಲಿ. ಸೂಜಿ ಚುಚ್ಚಿಸಿಕೊಂಡರೆ ರಾತ್ರಿ ಜ್ವರ, ಬೆಳಗಾದರೆ ತೋಳು ಎತ್ತಕ್ಕಾಗಲ್ಲ. ಸಂಬಳದವನಿಗೆ ಅದು ರಜೆ. ಅಣ್ಣನ ಮನೆಯಲ್ಲಿ ಅವತ್ತು ಒಲೆ ಹತ್ತಲ್ಲ. ಅವನು ಕೇಳಿದ್ದು ಇಷ್ಟೇ: "ಎರಡು ದಿನದ ಕೂಲಿ ಯಾರು ಕೊಡ್ತಾರೆ ಮೇಡಂ?" ಆಶಾ ಕಾರ್ಯಕರ್ತೆ ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟಳು. ಅವಳಾದರೂ ಏನು ಮಾಡಿಯಾಳು? ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ 2020ರ ಜುಲೈನಲ್ಲಿ ಆಶಾ ಕಾರ್ಯಕರ್ತೆಯರೇ ಮುಷ್ಕರ ಹೂಡಿದ್ದರು. ಚಪ್ಪಾಳೆ ಸಿಕ್ಕಿತ್ತು, ತಟ್ಟೆ ಸದ್ದು ಸಿಕ್ಕಿತ್ತು, ದುಡ್ಡು ಸಿಕ್ಕಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಸಾಹೇಬ ಅಣ್ಣನ ಹೆಸರಿನ ಮುಂದೆ ಬರೆದ: ನಿರಾಕರಿಸಿದ್ದಾರೆ.

ಇನ್ನು ಆ ಲಸಿಕೆ ಕ್ಯಾಂಪು. ಹಾಕಿದ್ದೆಲ್ಲಿ ಗೊತ್ತೆ? ಊರೊಳಗೆ, ಗುಡಿ ಪಕ್ಕದ ಭವನದಲ್ಲಿ. ನಮ್ಮವ್ವ ಅರವತ್ತು ದಾಟಿದವಳು, ಆ ಹೊಸ್ತಿಲು ದಾಟಿದವಳಲ್ಲ. ಊರವರ ಮದುವೆಯ ಎಂಜಲೆಲೆ ಎತ್ತಿದ್ದೂ ಹಿತ್ತಲಿಂದಲೇ. ಆಧಾರ್ ಕಾರ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದು ಮೆಟ್ಟಿಲ ಕೆಳಗೆ ಬಿಸಿಲಲ್ಲಿ ಕೂತಳು. ಒಳಗೆ ಫ್ಯಾನು, ಕುರ್ಚಿ, ಗುರುತು ಹಾಕಿದ ಆರಡಿ ಅಂತರ. "ಒಳಗೆ ಬನ್ನಿ ಅಜ್ಜಿ" ಅಂದಳು ನರ್ಸಮ್ಮ, ಪಾಪ, ಊರಿಗೆ ಹೊಸಬಳು. ಬಾಗಿಲಲ್ಲಿದ್ದ ಯಜಮಾನರು ಮಾಸ್ಕನ್ನು ಗದ್ದಕ್ಕಿಳಿಸಿದರು: "ಅವ್ರು ಅಲ್ಲೇ ಇರ್ಲಿ ಬಿಡಮ್ಮ, ಅಲ್ಲೇ ಹೋಗಿ ಹಾಕು." ಸೂಜಿ ಹೊರಗೆ ಬಂತು. ಅವ್ವ ತಲೆ ಎತ್ತದೆ ರವಿಕೆಯ ತೋಳು ಸರಿಸಿದಳು. ಚುಚ್ಚಿದ ಮೇಲೆ ಅರ್ಧ ಗಂಟೆ ನಿಗಾದಲ್ಲಿ ಕೂರಿಸಬೇಕು ಅನ್ನೋದು ನಿಯಮ. ನಮ್ಮವ್ವನ ಮೇಲೆ ನಿಗಾ ಇಟ್ಟಿದ್ದು ಎದುರಿಗೆ ಕಟ್ಟಿದ್ದ ಯಜಮಾನರ ಎಮ್ಮೆ.

ಎರಡನೇ ಡೋಸಿಗೆ ಅವಳು ಹೋಗಲಿಲ್ಲ. ಅವಳದೂ ನಿರಾಕರಣೆಯ ಲೆಕ್ಕಕ್ಕೆ ಜಮೆ.

ಲಸಿಕೆ ಜೀವ ಉಳಿಸಿತು. ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಸಿಡುಬನ್ನು ಅಟ್ಟಿದ್ದು ದಾಕು ಹಾಕಿದ ಸೂಜಿ, ಮಾರಮ್ಮನ ಮುಂದೆ ಕಡಿದ ಕೋಣ ಅಲ್ಲ ಅಂತ ನಮ್ಮ ಕೇರಿಗೂ ಗೊತ್ತು. ಪೋಲಿಯೊ ಹನಿಗೆ ನಮ್ಮವರು ತಕರಾರು ತೆಗೆದರೇನು? ಭಾನುವಾರದ ಬೂತಿಗೆ ಬರದ ಮಕ್ಕಳನ್ನು ಹುಡುಕಿಕೊಂಡು ಗುಡಿಸಲ ಬಾಗಿಲಿಗೇ ಬಂದರು, ಹನಿ ಹಾಕಿದರು, ಮಗುವಿನ ಬೆರಳಿಗೆ ಮಸಿ, ಗೋಡೆಗೆ ಸೀಮೆಸುಣ್ಣದ ಗುರುತು. 2014ರಲ್ಲಿ ದೇಶ ಪೋಲಿಯೊಮುಕ್ತ. ಅದೇ ಕೇರಿ, ಅದೇ ಜನ. ಆಗ ಎಲ್ಲಿ ಅಡಗಿತ್ತು ಸ್ವಾಮಿ ನಮ್ಮ ಮೌಢ್ಯ?

ನಂಬಿಕೆ ಕೆಡಿಸಿದವರು ಯಾರು ಅಂತ ನೋಡಿ. 2021ರ ಜನವರಿ 16ಕ್ಕೆ ಅಭಿಯಾನ ಶುರು. ಅದೇ ತಿಂಗಳು ನಮ್ಮ ತುಮಕೂರಿನದೇ ವಿಡಿಯೊ ದೇಶವೆಲ್ಲ ಸುತ್ತಿತು: ಆರೋಗ್ಯ ಇಲಾಖೆಯ ದೊಡ್ಡವರು ಕ್ಯಾಮೆರಾ ಮುಂದೆ ಲಸಿಕೆ ಹಾಕಿಸಿಕೊಳ್ಳೋ ಹಾಗೆ ನಟಿಸಿದ್ದು. ಮೊದಲೇ ಹಾಕಿಸಿಕೊಂಡಿದ್ದೆವು, ಫೋಟೊಗೆ ಮತ್ತೆ ನಿಂತೆವು ಅಂದರು. ನಿಜವೇ ಇರಲಿ. ಸೂಜಿಯನ್ನೂ ಫೋಟೊಗೆ ಹಿಡಿಯೋ ಜಿಲ್ಲೆಯಲ್ಲಿ ಬಡವ ಯಾವುದನ್ನು ನಂಬಬೇಕು? ಮಾರ್ಚ್‌ನಲ್ಲಿ ಆಗಿನ ಕೃಷಿ ಸಚಿವ ಬಿ.ಸಿ. ಪಾಟೀಲರು ಹಿರೇಕೆರೂರಿನ ಮನೆಗೇ ಲಸಿಕೆ ತರಿಸಿಕೊಂಡರು. ಅಮಾನತಾಗಿದ್ದು ತಾಲ್ಲೂಕು ಆರೋಗ್ಯಾಧಿಕಾರಿ.

ಮಕ್ಕಳಾಗಲ್ಲ, ಗಂಡಸ್ತನ ಹೋಗ್ತದೆ, ಎರಡು ವರ್ಷಕ್ಕೆ ಸಾಯ್ತಾರೆ. ಈ ವದಂತಿ ಹುಟ್ಟಿದ್ದು ಕೇರಿಯಲ್ಲಲ್ಲ. ಉಂಡೆ ಕೊಬ್ಬರಿ ಟೆಂಡರಿಗೆ ಬರೋ ಮಂಡಿ ಸಾಹುಕಾರನೊಬ್ಬ ನಮ್ಮ ಹುಡುಗರಿಗೆ ದಿನಾ ಕಳಿಸ್ತಿದ್ದ: ಕಷಾಯ ಕುಡೀರಿ, ನಮ್ಮ ಹಿರಿಯರೇನು ಇಂಜೆಕ್ಷನ್ ತಗೊಂಡಿದ್ರಾ? ಕಳಿಸ್ತಾ ಕಳಿಸ್ತಾ ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಕುಟುಂಬ ಸಮೇತ ಎರಡೂ ಡೋಸು ಮುಗಿಸಿದ. ಕಷಾಯ ನಮಗೆ, ಕೋವಿಶೀಲ್ಡ್ ಅವನಿಗೆ.

ಮೇ ತಿಂಗಳಲ್ಲಿ 18 ದಾಟಿದವರೆಲ್ಲ ಬನ್ನಿ ಅಂತ ಕರೆದು, ಲಸಿಕೆ ಸಾಲದೆ ಹದಿನೈದೇ ದಿನದೊಳಗೆ ರಾಜ್ಯದಲ್ಲಿ ನಿಲ್ಲಿಸಿದರು. ಕೋವಿನ್ ಜಾಲತಾಣದಲ್ಲಿ ಹೆಸರು ಬರೆಸು ಅಂದರು. ಅದು ಕನ್ನಡ ಕಲಿತದ್ದು ಜೂನ್‌ಗೆ. ಹೊಟ್ಟೆ ಉರಿಯೋದು ಇದಕ್ಕಲ್ಲ. ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ಸತ್ತರು. ಆಕ್ಸಿಜನ್ ಇಲ್ಲದೆ ಸತ್ತವರು ಮೂವರೇ ಅಂತ ಸರ್ಕಾರ ಮೊದಲು ಲೆಕ್ಕ ಒಪ್ಪಿಸಿತು. ನಾಲ್ಕು ತಿಂಗಳು ಕಳೆಯಿತೋ ಇಲ್ಲವೋ, ಅದೇ ಜಿಲ್ಲೆಯಲ್ಲಿ ಘೋಷಣೆ: ಲಸಿಕೆ ಇಲ್ಲದಿದ್ದರೆ ಪಡಿತರವಿಲ್ಲ, ಪಿಂಚಣಿಯಿಲ್ಲ. ಉಸಿರು ಕೊಡಲಾಗದವರು ಅಕ್ಕಿಗೆ ಕೈ ಹಾಕಿದರು. ನಮ್ಮ ಸೀಮೆಯ ಸೊಸೈಟಿ ಮುಂದೂ ಆ ಬೆದರಿಕೆ ಕೇಳಿದೆ. ಅವ್ವ ಕೊನೆಗೆ ಎರಡನೇ ಸೂಜಿ ಹಾಕಿಸಿಕೊಂಡಿದ್ದು ಐದು ಕೆ.ಜಿ. ಅಕ್ಕಿಯ ಹೆದರಿಕೆಗೆ. ಯಾರನ್ನೂ ಬಲವಂತಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಮೇ 2ಕ್ಕೆ. ಅಷ್ಟರಲ್ಲಿ ಬಡವರ ತೋಳು ತೂತಾಗಿತ್ತು, ಸರ್ಟಿಫಿಕೇಟಿನಲ್ಲಿ ಪ್ರಧಾನಿ ನಗ್ತಾ ಕೂತಿದ್ದರು.

ಈಗ ನೋಡಿ ತಮಾಷೆ. 2025ರ ಜುಲೈನಲ್ಲಿ ಪಕ್ಕದ ಹಾಸನದಲ್ಲಿ ಸಾಲು ಸಾಲು ಹೃದಯಾಘಾತ ಅಂದಾಗ ಲಸಿಕೆಯನ್ನು ತರಾತುರಿಯಲ್ಲಿ ಒಪ್ಪಿದ್ದೂ ಕಾರಣವಿರಬಹುದು ಅಂದವರು ಸಾಕ್ಷಾತ್ ಮುಖ್ಯಮಂತ್ರಿ. ಸಂಬಂಧವಿಲ್ಲ ಅಂತ ತಜ್ಞರ ಸಮಿತಿ ವರದಿ ಕೊಟ್ಟಿತು. ವಿಧಾನಸೌಧದಿಂದ ಹೊರಟರೆ ಅದು ಕಳವಳ, ನಮ್ಮಣ್ಣನ ಬಾಯಿಂದ ಬಂದರೆ ಅಜ್ಞಾನ.

ಇನ್ನೊಂದು ಮಹಾಮಾರಿ ಬಂದೇ ಬರುತ್ತೆ, ಇನ್ನೊಂದು ಸೂಜಿಯೂ ಬರುತ್ತೆ. ಆಗ ಮೈಕಿನ ಆಟೋ ಬೇಡ. ಸಂಜೆ ಆರರ ಮೇಲೆ, ಸುಲಿಯೋರು ಮನೆ ಸೇರಿದ ಹೊತ್ತಿಗೆ, ಕೇರಿಯೊಳಗೇ ಬನ್ನಿ. ಎರಡು ದಿನದ ಕೂಲಿ ಕೈಗೆ ಕೊಡಿ. ಏನೂ ಆಗಲ್ಲ ಅನ್ನಬೇಡಿ, ಏನಾಗಬಹುದು ಅನ್ನೋದನ್ನು ಕನ್ನಡದಲ್ಲಿ ಹೇಳಿ. ಅಷ್ಟಾದ ಮೇಲೂ ಯಾರಾದರೂ ಬೇಡ ಅಂದರೆ, ಆಗ ಬರ್ಕೊಳ್ಳಿ ನಿಮ್ಮ ಪಟ್ಟಿ.