ಅಮ್ಮನಿಗೆ ಹೇಳಬೇಕಿತ್ತು

ಮೊನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಹಳೇ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನ ತಾಯಿಗೆ ಕ್ಯಾನ್ಸರ್ ಅಂತ ರಿಪೋರ್ಟ್ ಬಂದಿದೆಯಂತೆ. ಎಲ್ಲಾ ಹೇಳಿ ಮುಗಿಸಿ ಕೊನೆಗೆ, "ಅಮ್ಮಂಗೆ ಹೇಳಿಲ್ಲ ಕಣೋ. ಸಣ್ಣ ಗಡ್ಡೆ, ಕರಗಿ ಹೋಗುತ್ತೆ ಅಂದಿದೀವಿ. ನೀನು ಮನೆಗೆ ಬಂದಾಗ್ಲೂ ಹಾಗೇ ಹೇಳು" ಅಂದ. ಹೂಂ ಅಂದೆ. ಆಮೇಲೆ ನಿದ್ದೆ ಬರಲಿಲ್ಲ. ಯಾಕಂದ್ರೆ 2013ರಲ್ಲಿ ನಾನೂ ಅಕ್ಕನೂ ಇದನ್ನೇ ಮಾಡಿದ್ವಿ. ಅದು ತಪ್ಪು ಅಂತ ಈಗ ಅನ್ನಿಸುತ್ತೆ. ಯಾಕೆ ಅಂತ ಹೇಳೋಕೆ ಮೊದಲು ನಮ್ಮಮ್ಮನ ಬಗ್ಗೆ ಸ್ವಲ್ಪ ಹೇಳಬೇಕು.

ನಮ್ಮೂರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಿದ್ರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡ್ರು. ಅಮ್ಮ ಅಲ್ಲಿವರೆಗೆ ಮನೆಮಟ್ಟಿಗೆ ಹೊಲೀತಿದ್ದವಳು, ನಡುಮನೆಯಲ್ಲಿ ಮಿಷನ್ ಹಾಕ್ಕೊಂಡು ಬೀದಿಯವರ ರವಿಕೆ ಹೊಲಿಯೋಕೆ ಶುರು ಮಾಡಿದಳು. ಅದರಲ್ಲೇ ನಮ್ಮಿಬ್ಬರನ್ನೂ ಓದಿಸಿದಳು. ಅವಳ ಹತ್ರ ಒಂದು ಉದ್ದನೆಯ ಅಳತೆ ಪುಸ್ತಕ ಇತ್ತು. ಅದರಲ್ಲಿ ಯಾರ ನಿಜವಾದ ಹೆಸರೂ ಇರ್ತಿರಲಿಲ್ಲ. "ಬ್ಯಾಂಕಿನವರು", "ಮೂಲೆಮನೆ ಹೊಸ ಸೊಸೆ", "ಚೌಕಾಸಿ" ಅಂತೆಲ್ಲಾ ಬರೆದು ಎದುರಿಗೆ ಎದೆ ಸುತ್ತು, ತೋಳಿನ ಉದ್ದ. ದಪ್ಪ ಆದವರಿಗೆ ದಪ್ಪ ಆಗಿದೀರಾ ಅಂತ ಒಮ್ಮೆಯೂ ಹೇಳಿದವಳಲ್ಲ. "ಒಗೆದೂ ಒಗೆದೂ ಬಟ್ಟೆ ಕುಗ್ಗಿರುತ್ತೆ ಕಣಮ್ಮ, ಒಂಚೂರು ಬಿಟ್ಟು ಹೊಲೀತೀನಿ" ಅಂತಿದ್ದಳು. ಅವರು ಹೋದ್ಮೇಲೆ ಒಬ್ಬಳೇ ನಗೋಳು. ಇಂಥ ಸುಳ್ಳುಗಳಲ್ಲಿ ಅಮ್ಮ ಎತ್ತಿದ ಕೈ.

2012ರ ದಸರಾ ಹೊತ್ತಿಗೆ ಅವಳಿಗೆ ರಕ್ತಸ್ರಾವ ಶುರುವಾಗಿತ್ತು. ಮುಟ್ಟು ನಿಂತು ಆಗಲೇ ಆರು ವರ್ಷ. ಯಾರಿಗೂ ಹೇಳಲಿಲ್ಲ. ಮಿಷನ್ ಪಕ್ಕ ಒಂದು ಚೀಲದ ತುಂಬಾ ಚೂರು ಬಟ್ಟೆ, ಲೈನಿಂಗ್ ತುಂಡುಗಳು ಇರ್ತಿದ್ದವು. ಮುಂದಿನ ಬೇಸಿಗೆಯಲ್ಲಿ ಅಕ್ಕ ಮಕ್ಕಳನ್ನ ಕರ್ಕೊಂಡು ಬಂದಾಗ, ಗೊಂಬೆಗೆ ಲಂಗ ಹೊಲಿಯೋಣ ಅಂತ ಆ ಚೀಲಕ್ಕೆ ಕೈ ಹಾಕಿದರೆ ಖಾಲಿ. ನಾವು ಹುಟ್ಟಿದಾಗಿಂದ ಆ ಚೀಲ ಖಾಲಿ ಆಗಿದ್ದನ್ನ ನೋಡಿರಲಿಲ್ಲ. ಅಕ್ಕ ಕೂರಿಸಿಕೊಂಡು ಕೇಳಿದಾಗ ಅಮ್ಮ ಬಾಯಿ ಬಿಟ್ಟಳು. "ಗಂಡು ಹುಡುಗನ ಮುಂದೆ ಇದನ್ನೆಲ್ಲಾ ಏನಂತ ಹೇಳೋದು" ಅಂದಳಂತೆ. ಆ ಗಂಡು ಹುಡುಗ ನಾನು. ಆಗ ನನಗೆ ಮೂವತ್ತು ವರ್ಷ.

ಬೆಂಗಳೂರಿಗೆ ಕರ್ಕೊಂಡು ಬಂದ್ವಿ. ಗರ್ಭಕೋಶದ ಕೊರಳಿನ ಕ್ಯಾನ್ಸರ್, ಮೂರನೇ ಹಂತ. ನಾವು ಮೊದಲು ಮಾಡಿದ ಕೆಲಸ ಅಂದ್ರೆ ಡಾಕ್ಟರ ಹಿಂದೆ ಓಡಿ, "ಅಮ್ಮಂಗೆ ಹೇಳಬೇಡಿ ಸಾರ್" ಅಂದಿದ್ದು. ಅವರು ಒಂದು ನಿಮಿಷ ಸುಮ್ಮನಿದ್ದು, "ಅವರಿಗೆ ಎಷ್ಟು ಗೊತ್ತಾಗಬೇಕು ಅಂತ ಅವರನ್ನೇ ಕೇಳಬಹುದಲ್ವಾ" ಅಂದ್ರು. ನಾವು ಕೇಳಲಿಲ್ಲ.

ಚಿಕಿತ್ಸೆ ಕಿದ್ವಾಯಿಯಲ್ಲಿ. 1973ರಿಂದ ಇರೋ ಆಸ್ಪತ್ರೆ. ಕರ್ನಾಟಕದಲ್ಲಿ ಆ ಹೆಸರು ಹೇಳಿದರೆ ಸಾಕು, ಕಾಯಿಲೆ ಯಾವುದು ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ನಾನು ಆಟೋದವನಿಗೆ "ಡೈರಿ ಸರ್ಕಲ್" ಅಂತ ಹೇಳಿ ಹತ್ತಿಸ್ತಿದ್ದೆ. ಬಸ್ಸಲ್ಲಿ ಹೋಗುವಾಗ ಅಂಗಡಿ ಬೋರ್ಡುಗಳನ್ನೆಲ್ಲಾ ಜೋರಾಗಿ ಓದೋ ಅಭ್ಯಾಸ ಇದ್ದ ಅಮ್ಮ, ಆ ಗೇಟಿನ ಮುಂದೆ ಮಾತ್ರ ಯಾವ ಬೋರ್ಡನ್ನೂ ಓದ್ತಿರಲಿಲ್ಲ. ನಮಗೆ ಆಗಲೂ ಹೊಳೀಲಿಲ್ಲ ನೋಡಿ.. ವಾರಕ್ಕೆ ಐದು ದಿನದ ಹಾಗೆ ಐದು ವಾರ, ಇಪ್ಪತ್ತೈದು ದಿನ ಕರೆಂಟ್ ಕೊಟ್ಟರು. ಗಡ್ಡೆ ಕರಗಿತು ಅಂತ ಹೇಳಿ ಊರಿಗೆ ಕರ್ಕೊಂಡು ಹೋದ್ವಿ.

2014ರ ಶುರುವಿನಲ್ಲಿ ಮತ್ತೆ ಬಂತು. ಈ ಸಲ ಸೊಂಟದಿಂದ ಕಾಲಿಗೆ ಇಳಿಯೋ ನೋವು. ಕೇಳಿದರೆ "ಸ್ವಲ್ಪ ಇದೆ" ಅಂತಿದ್ದಳು. ನಾವೂ ಸ್ವಲ್ಪವೇ ಇರಬೇಕು ಅಂದ್ಕೊಂಡ್ವಿ. ಒಂದು ರಾತ್ರಿ ಅಕ್ಕ ಎದ್ದು ನೋಡಿದರೆ ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಹಿಡ್ಕೊಂಡು ಕೂತಿದ್ದಳು. ಗಡ್ಡೆ ಕರಗಿದೆ ಅಂತ ನಾವೇ ಹೇಳಿದ್ಮೇಲೆ ನೋವು ಜಾಸ್ತಿ ಆಗಿದೆ ಅಂತ ಅವಳು ಹೇಗೆ ಹೇಳಬೇಕಿತ್ತು? ನಮ್ಮ ಸುಳ್ಳಿಗೆ ಅವಳ ಸುಳ್ಳು ಜೊತೆಯಾಗಿತ್ತು. ಆಮೇಲೆ ಮಾರ್ಫಿನ್ ಮಾತ್ರೆ ಶುರು ಮಾಡಿದರು, ನಾಲ್ಕು ಗಂಟೆಗೊಂದು. ಮೂರನೇ ದಿನಕ್ಕೆ ರಾತ್ರಿ ಪೂರ್ತಿ ನಿದ್ದೆ ಮಾಡಿದಳು. ಎರಡು ತಿಂಗಳು ಮುಂಚೆಯೇ ಸಿಗಬಹುದಿದ್ದ ನಿದ್ದೆ ಅದು.

ಆಗಸ್ಟಿನಲ್ಲಿ ಅಮ್ಮ ಹೋದಳು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಪಕ್ಕದ ಮನೆಯವರು ಅಕ್ಕನ ಹತ್ರ ಹೇಳಿದರು. "ನಿಮ್ಮಮ್ಮಂಗೆ ಮೊದಲಿಂದ್ಲೂ ಗೊತ್ತಿತ್ತಮ್ಮ. ಆಸ್ಪತ್ರೆ ಬೆಂಚಲ್ಲಿ ಪಕ್ಕ ಕೂತಿದ್ದವರೇ ಹೇಳಿದ್ರಂತೆ. ಮಕ್ಕಳು ನಂಗೆ ಗೊತ್ತಿಲ್ಲ ಅಂದ್ಕೊಂಡಿವೆ, ಪಾಪ, ಹಾಗೇ ಇರ್ಲಿ ಬಿಡಿ ಅಂದಿದ್ರು." ಅಳತೆ ಪುಸ್ತಕ ತೆಗೆದು ನೋಡಿದ್ವಿ. ಆ ಯುಗಾದಿಗೆ ಮೊದಲು ಒಪ್ಪಿಕೊಂಡಿದ್ದ ಬಟ್ಟೆಗಳ ಎದುರಿಗೆಲ್ಲಾ "ವಾಪಸ್ ಕೊಟ್ಟಿದೆ" ಅಂತ ಬರೆದಿತ್ತು. ಎಷ್ಟೋ ವರ್ಷದಲ್ಲಿ ಅವಳು ಯಾರ ಬಟ್ಟೆಯನ್ನೂ ಹೊಲಿಯದೆ ವಾಪಸ್ ಕೊಟ್ಟವಳಲ್ಲ.

ಹೇಳಿದರೆ ಎದೆ ಒಡ್ಕೋತಾರೆ, ಇರೋ ನಾಲ್ಕು ದಿನವಾದ್ರೂ ನೆಮ್ಮದಿಯಾಗಿರಲಿ ಅಂತ ಎಲ್ಲರೂ ಹೇಳ್ತಾರೆ. ನಾವೂ ಹೇಳಿದ್ವಿ. ನಿಜ ಹೇಳಬೇಕಂದ್ರೆ ಅವಳು ಅತ್ತರೆ ನೋಡೋ ಧೈರ್ಯ ನಮಗಿರಲಿಲ್ಲ. ಅವಳು ಅತ್ತಳು, ಪಕ್ಕದ ಮನೆಯಲ್ಲಿ. ಅದು ನಮ್ಮ ಮನೆಯಲ್ಲಿ, ನಮ್ಮ ಮುಂದೆ ಆಗಬೇಕಿತ್ತು. ಮಿಷನ್ ಯಾರಿಗೆ ಕೊಡಬೇಕು ಅಂತ ಅವಳನ್ನ ಕೇಳೋಕೂ ನಮಗಾಗಲಿಲ್ಲ.

ರಿಪೋರ್ಟು ಮುಖಕ್ಕೆ ಹಿಡೀರಿ ಅಂತ ನಾನು ಹೇಳ್ತಿಲ್ಲ. ಆ ಡಾಕ್ಟರ್ ಹೇಳಿದ ಹಾಗೆ, ಎಷ್ಟು ಗೊತ್ತಾಗಬೇಕು ಅಂತ ಅವರನ್ನೇ ಕೇಳಿ. ಬೇಡ ಅಂದವರಿಗೆ ಬೇಡ. ಆದರೆ ಕೇಳದೆ ನಾವೇ ತೀರ್ಮಾನ ಮಾಡೋದು ಬೇಡ. ನೋವಿದ್ದರೆ ಪ್ಯಾಲಿಯೇಟಿವ್ ಡಾಕ್ಟರ ಹತ್ರ ಬೇಗ ಹೋಗಿ. ಮಾರ್ಫಿನ್ ಅಂದ ತಕ್ಷಣ ಚಟ ಆಗುತ್ತೆ ಅಂತ ಹೆದರಬೇಡಿ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಈ ಆರೈಕೆ ಉಚಿತವಾಗಿಯೇ ಸಿಗುತ್ತೆ.

ಇನ್ನೊಂದು ಮಾತು. ಬೇಗ ಗೊತ್ತಾದರೆ ಗುಣವಾಗೋ ಸಾಧ್ಯತೆ ತುಂಬಾ ಹೆಚ್ಚಿರೋ ಕ್ಯಾನ್ಸರ್ ಇದು. ಹೆಚ್ಚುಕಮ್ಮಿ ಎಲ್ಲದಕ್ಕೂ ಕಾರಣ ಎಚ್‌ಪಿವಿ ಅನ್ನೋ ವೈರಸ್. ಅದಕ್ಕೆ ಲಸಿಕೆ ಇದೆ, 9ರಿಂದ 14 ವರ್ಷದ ಹುಡುಗಿಯರಿಗೆ ಹಾಕಿಸಬೇಕು. ಮೂವತ್ತು ದಾಟಿದ ಹೆಂಗಸರಿಗೆ ಪರೀಕ್ಷೆ ಇದೆ, ಕೆಲವೇ ನಿಮಿಷದ್ದು. ಮುಟ್ಟು ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಡಾಕ್ಟರ ಹತ್ರ ಹೋಗಬೇಕು. ಗಂಡು ಮಕ್ಕಳೇ, ಇದನ್ನ ನಾವೂ ನಮ್ಮ ಅಮ್ಮಂದಿರ ಹತ್ರ ಕೇಳಬಹುದು. ನಾಚಿಕೆ ಆಗುತ್ತೆ, ನಿಜ. ಒಂದು ದಿನ ಆಗಲಿ ಬಿಡಿ.

ಬೆಳಿಗ್ಗೆ ಗೆಳೆಯನಿಗೆ ವಾಪಸ್ ಫೋನ್ ಮಾಡಿ, ನಾನು ಸುಳ್ಳು ಹೇಳೋಕೆ ಬರಲ್ಲ, ಬೇಕಾದರೆ ನಿಮ್ಮಮ್ಮನ ಜೊತೆ ನೀನು ಮಾತಾಡುವಾಗ ಪಕ್ಕದಲ್ಲಿ ಕೂತಿರ್ತೀನಿ ಅಂದೆ. ಬೇಜಾರು ಮಾಡ್ಕೊಂಡ. ಭಾನುವಾರ ಬಾ, ನೋಡೋಣ ಅಂದಿದಾನೆ. ಹೋಗ್ತಿದೀನಿ.

ನಿಮ್ಮ ಮನೆಗಳಲ್ಲಿ ಇಂಥದ್ದು ನಡೆದಾಗ ಏನು ಮಾಡಿದ್ರಿ? ಹೇಳಿದ್ರಾ, ಮುಚ್ಚಿಟ್ರಾ? ಹೇಳಿದ ಮೇಲೆ ಏನಾಯ್ತು? ಭಾನುವಾರಕ್ಕೆ ಮೊದಲು ತಿಳಿಸಿದ್ರೆ ನನಗೂ ಸ್ವಲ್ಪ ಧೈರ್ಯ..