ಮನೆಯ ಯಂತ್ರಶಾಲೆ: ಅಂಕೆಗೆ ಸಿಕ್ಕದ ನಾದ

ನಮ್ಮ ವಾಚಕ ಮಹಾಶಯರೊಬ್ಬರು ಬರೆದ ಕಾಗದವೊಂದು ಈ ತಿಂಗಳ ವಿಷಯವನ್ನು ತಾನೇ ನಿರ್ಣಯಿಸಿಬಿಟ್ಟಿದೆ. ಅವರ ಮಗಳು ಸಿಂಥಸೈಸರ್ ಎಂಬ ವಿದ್ಯುತ್ ನಾದಯಂತ್ರದ ಬಿಡಿಭಾಗಗಳನ್ನು ಮನೆಯಲ್ಲಿಯೇ ಬೆಸುಗೆಹಾಕಿ ಕಟ್ಟುತ್ತಿರುವಳಂತೆ. ಯಂತ್ರವು ಒಂದು ಹೊತ್ತು ಮಳೆಗಾಲದ ಕಪ್ಪೆಯಂತೆಯೂ ಇನ್ನೊಂದು ಹೊತ್ತು ಎಣ್ಣೆ ಕಾಣದ ತಿರುಗಣಿಯಂತೆಯೂ ಕೂಗುವುದಲ್ಲದೆ, ಒಮ್ಮೆ ಕೂಗಿದ ಹಾಗೆ ಮತ್ತೊಮ್ಮೆ ಕೂಗುವುದಿಲ್ಲವಂತೆ. ಇದು ಅವಳ ಕೈತಪ್ಪೋ ಅಥವಾ ಯಂತ್ರದ ಸ್ವಭಾವವೋ, ಕೈತಪ್ಪಾದ ಪಕ್ಷದಲ್ಲಿ ಇನ್ನು ಹಣ ಕೊಡುವುದನ್ನು ನಿಲ್ಲಿಸಬಹುದಷ್ಟೆ ಎಂಬುದು ಅವರ ಪ್ರಶ್ನೆ. ಹಣದ ಮಾತು ತಂದೆಮಗಳಿಗೆ ಸೇರಿದ್ದು. ಮೊದಲಿನ ಮಾತಿಗೆ ಮಾತ್ರ ನಮ್ಮಿಂದಾದಷ್ಟು ಉತ್ತರ ಕೊಡುತ್ತೇವೆ.

ವೀಣೆಯಲ್ಲಿ ನಾದವು ಹುಟ್ಟುವ ಸ್ಥಳ, ಬಲಗೊಳ್ಳುವ ಸ್ಥಳ, ಬಣ್ಣವನ್ನು ಪಡೆಯುವ ಸ್ಥಳ ಎಲ್ಲವೂ ಒಂದೇ ಮೈಯಲ್ಲಿ ಅಡಕವಾಗಿರುತ್ತವೆ. ಮಾಡ್ಯುಲರ್ ಸಿಂಥಸೈಸರಿನಲ್ಲಿ ಹಾಗಲ್ಲ. ಸ್ವರವನ್ನು ಹುಟ್ಟಿಸುವ ಆಸಿಲೇಟರ್ ಒಂದು ಫಲಕ, ಅದನ್ನು ಸೋಸುವ ಫಿಲ್ಟರ್ ಇನ್ನೊಂದು, ಏರಿಸಿ ಇಳಿಸುವ ಆಂಪ್ಲಿಫೈಯರ್ ಮತ್ತೊಂದು. ಇವುಗಳ ನಡುವೆ ಸಂಬಂಧವನ್ನು ಕಲ್ಪಿಸುವುದು ವಾದಕನು ಕೈಯಾರೆ ಚುಚ್ಚುವ ತಂತಿಗಳು ಮಾತ್ರ. ಆ ಜೋಡಣೆಗೆ ಪ್ಯಾಚ್ ಎಂದು ಹೆಸರು. ೧೯೬೦ರ ದಶಕದ ಮೊದಲರ್ಧದಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ರಾಬರ್ಟ್ ಮೂಗ್ ಎಂಬವರೂ ಕ್ಯಾಲಿಫೋರ್ನಿಯದಲ್ಲಿ ಡಾನ್ ಬುಕ್ಲಾ ಎಂಬವರೂ ಈ ಕ್ರಮವನ್ನು ಬಳಕೆಗೆ ತಂದರು. ಮೂಗ್ ಅವರ ಪದ್ಧತಿಯಲ್ಲಿ ಒಂದು ವೋಲ್ಟ್ ಏರಿದರೆ ಸ್ವರವು ಒಂದು ಸ್ಥಾಯಿ ಏರುತ್ತದೆ. ಎಂದರೆ ವಿದ್ಯುತ್ತಿನ ಒತ್ತಡವೇ ಅಲ್ಲಿ ಬೆರಳು. ಆ ಬೆರಳನ್ನು ಮನುಷ್ಯನೇ ಆಡಿಸಬೇಕೆಂಬ ನಿಯಮವಿಲ್ಲ, ಇನ್ನೊಂದು ಫಲಕವೂ ಆಡಿಸಬಹುದು. ಇದೇ ಮುಂದಿನ ಎಲ್ಲ ಚೇಷ್ಟೆಗಳಿಗೂ ಬೀಜ. ೧೯೯೫ರ ಸುಮಾರಿಗೆ ಜರ್ಮನಿಯ ಡೋಪ್ಫರ್ ಕಂಪನಿಯವರು ಯೂರೋರ‍್ಯಾಕ್ ಎಂಬ ಅಳತೆಯನ್ನು ತಂದರು. ಫಲಕದ ಎತ್ತರ ೧೨೮.೫ ಮಿಲಿಮೀಟರು, ಅಗಲವು ೫.೦೮ ಮಿಲಿಮೀಟರಿನ ಮಡಿಗಳಲ್ಲಿ, ವಿದ್ಯುತ್ತು ಧನ ೧೨ ಮತ್ತು ಋಣ ೧೨ ವೋಲ್ಟ್. ಅಳತೆಯು ಬಹಿರಂಗವಾದುದರಿಂದ ಅಡಿಗೆಮನೆಯ ಪಕ್ಕದಲ್ಲಿ ಕಟ್ಟಿದ ಫಲಕವೂ ಕಾರ್ಖಾನೆಯ ಫಲಕದ ಮಗ್ಗುಲಲ್ಲಿಯೇ ಕುಳಿತುಕೊಳ್ಳುತ್ತದೆ.

ಇನ್ನು ಕಪ್ಪೆಯ ವಿಚಾರ. ೧೯೨೭ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯಲ್ಲಿದ್ದ ವಾನ್ ಡೆರ್ ಪೋಲ್ ಮತ್ತು ವಾನ್ ಡೆರ್ ಮಾರ್ಕ್ ಎಂಬ ಇಬ್ಬರು, ನಿಯಾನ್ ದೀಪವೊಂದನ್ನು ತಾನೇ ಹತ್ತಿ ಆರುವಂತೆ ಮಾಡಿ, ಹೊರಗಿನಿಂದ ಬೇರೊಂದು ವಿದ್ಯುದಾಂದೋಲನವನ್ನು ಅದಕ್ಕೆ ಕೊಟ್ಟು, ಟೆಲಿಫೋನಿನ ಗ್ರಾಹಕವನ್ನು ಕಿವಿಗಿಟ್ಟು ಆಲಿಸಿದರು. ಕೆಪ್ಯಾಸಿಟರನ್ನು ಹೆಚ್ಚಿಸುತ್ತ ಹೋದಂತೆ ಸ್ವರವು ಜಾರಿ ಇಳಿಯದೆ ಅರ್ಧಕ್ಕೆ, ಮೂರನೆಯ ಒಂದಕ್ಕೆ, ನಾಲ್ಕನೆಯ ಒಂದಕ್ಕೆ ಎಂಬಂತೆ ಮೆಟ್ಟಲು ಮೆಟ್ಟಲಾಗಿ ಇಳಿಯಿತು. ಒಂದು ಮೆಟ್ಟಲಿನಿಂದ ಇನ್ನೊಂದಕ್ಕೆ ಹಾರುವ ಮುನ್ನ ಅನೇಕ ವೇಳೆ ಕ್ರಮವಿಲ್ಲದ ಒಂದು ಸದ್ದು ಕೇಳುತ್ತಿತ್ತು. ಅವರು ಅದನ್ನು ಬರೆದಿಟ್ಟು, ಇದು ಗೌಣವಾದುದೆಂದು ಮುಂದೆ ಹೋದರು. ಆ ಗೌಣವಾದ ಸದ್ದೇ ಈಗ ಕೇಯಾಸ್ ಎಂದು ಹೆಸರು ಪಡೆದಿರುವ ವಿದ್ಯಮಾನ. ನಾವು ಇದನ್ನು ಅವ್ಯವಸ್ಥೆ ಎನ್ನುವುದಕ್ಕೆ ಒಪ್ಪುವುದಿಲ್ಲ. ವ್ಯವಸ್ಥೆಯು ಇದ್ದೇ ಇದೆ, ಅಂಕೆಗೆ ಸಿಕ್ಕುವುದಿಲ್ಲ ಅಷ್ಟೆ.

ಬಚ್ಚಲುಮನೆಯ ನಲ್ಲಿಯಲ್ಲಿಯೂ ಇದನ್ನು ಕಾಣಬಹುದು. ತಿರುಪನ್ನು ಬಿಗಿಯಾಗಿಟ್ಟರೆ ಹನಿಗಳು ಸಮಕಾಲದಲ್ಲಿ ಬೀಳುತ್ತವೆ. ಸ್ವಲ್ಪ ಸಡಲಿಸಿದರೆ ಒಂದು ಬೇಗ, ಒಂದು ತಡ ಎಂದು ಜೋಡಿಯಾಗಿ ಬೀಳಬಹುದು. ಇನ್ನೂ ಸಡಲಿಸಿದರೆ ತಾಳವೇ ಸಿಕ್ಕದು. ಕ್ಯಾಲಿಫೋರ್ನಿಯದ ರಾಬರ್ಟ್ ಷಾ ಎಂಬವರು ಈ ನಲ್ಲಿಯನ್ನೇ ವಿಷಯವಾಗಿಟ್ಟುಕೊಂಡು ೧೯೮೪ರಲ್ಲಿ ಒಂದು ಪುಸ್ತಕವನ್ನು ಬರೆದರು. ಪ್ರತಿ ಹನಿಯೂ ತನ್ನ ಹಿಂದಿನ ಹನಿಯು ಬಿಟ್ಟುಹೋದ ಅಲುಗಾಟದಿಂದಲೇ ನಿಶ್ಚಯವಾಗುತ್ತದೆ. ಆದರೆ ಆ ಅಲುಗಾಟದಲ್ಲಿ ಎಳ್ಳಷ್ಟು ಭೇದವಿದ್ದರೂ ಹತ್ತಿಪ್ಪತ್ತು ಹನಿಗಳಾದ ಮೇಲೆ ಕಥೆಯೇ ಬೇರೆ. ಹವಾಮಾನದ ಲೆಕ್ಕಗಳನ್ನು ಮಾಡುತ್ತಿದ್ದ ಎಡ್ವರ್ಡ್ ಲೊರೆಂಜರು ೧೯೬೧ರಲ್ಲಿ ೦.೫೦೬೧೨೭ ಎಂಬ ಸಂಖ್ಯೆಯ ಸ್ಥಾನದಲ್ಲಿ ೦.೫೦೬ ಎಂದಷ್ಟೇ ಕೊಟ್ಟು ಕಂಡುಕೊಂಡದ್ದೂ ಇದನ್ನೇ. ಆದುದರಿಂದ ಇದನ್ನು ಬರಿಯ ಗದ್ದಲದೊಡನೆ ಬೆರಸಬಾರದು. ಗದ್ದಲದ ಫಲಕವು ಟ್ರಾನ್ಸಿಸ್ಟರಿನೊಳಗಿನ ಕಣಗಳ ಗಲಿಬಿಲಿಯನ್ನು ಹಿಗ್ಗಿಸಿ ಕೊಡುತ್ತದೆ, ಅದಕ್ಕೆ ನೆನಪೆಂಬುದಿಲ್ಲ. ಈ ನಾದಕ್ಕೆ ನೆನಪು ಉಂಟು. ಕೇಳುತ್ತ ಕುಳಿತರೆ ಹಳೆಯ ವರಸೆಗಳು ಮತ್ತೆ ಮತ್ತೆ ಮುಖ ತೋರಿಸುತ್ತವೆ, ಆದರೆ ಹಿಂದಿನ ಉಡುಪಿನಲ್ಲಿಯೇ ಬರುವುದಿಲ್ಲ.

ಮನೆಯಲ್ಲಿ ಕಟ್ಟುವವರಿಗೆ ನಮ್ಮ ಮೊದಲನೆಯ ಆಯ್ಕೆ ಹಾಲೆಂಡಿನ ರಾಬ್ ಹೋರ್ಡೈಕ್ ಅವರ ಬೆಂಜೊಲಿನ್. ೨೦೨೨ರಲ್ಲಿ ಗತಿಸಿದ ಈ ಮಹನೀಯರು ಅದನ್ನು ಕಮ್ಮಟಗಳಲ್ಲಿ ಹೊಸಬರು ಕಟ್ಟಿ ಕಲಿಯಲೆಂದೇ ರಚಿಸಿ, ನಕ್ಷೆಯನ್ನು ಮುಚ್ಚಿಡದೆ ಹಂಚಿದರು. ಇಂಥ ಔದಾರ್ಯವಿಲ್ಲದಿದ್ದರೆ ಕಾರ್ಖಾನೆಯಿಂದ ದೂರದಲ್ಲಿರುವ ಕೈಗಳಿಗೆ ಈ ವಿದ್ಯೆ ತಲಪುತ್ತಲೇ ಇರಲಿಲ್ಲವೆಂದು ನಮ್ಮ ಅಭಿಪ್ರಾಯ. ಬೆಂಜೊಲಿನ್ನಿನಲ್ಲಿರುವುದು ಎರಡು ಆಸಿಲೇಟರುಗಳು, ಒಂದು ಫಿಲ್ಟರು, ಮತ್ತು ಹೋರ್ಡೈಕರು ರಂಗ್ಲರ್ ಎಂದು ಕರೆದ ಒಂದು ಸರ್ಕಿಟ್. ಜೀವವೆಲ್ಲ ಈ ಕೊನೆಯದರಲ್ಲಿಯೇ ಇದೆ.

ಬೆಂಕಿಬಿದ್ದ ಮನೆಯ ಮುಂದೆ ಎಂಟು ಜನರು ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೆನೆಯಿರಿ. ಒಬ್ಬನು ಮದ್ದಳೆ ಬಡಿದಾಗಲೆಲ್ಲ ಪ್ರತಿಯೊಬ್ಬನೂ ತನ್ನ ಕೊಡವನ್ನು ಮುಂದಿನವನಿಗೆ ಕೊಡುತ್ತಾನೆ. ಬಾವಿಯ ಬಳಿಯಿರುವವನು ಆ ಕ್ಷಣದಲ್ಲಿ ನೀರು ಸಿಕ್ಕಿದರೆ ತುಂಬಿದ ಕೊಡವನ್ನೂ, ಸಿಕ್ಕದಿದ್ದರೆ ಬರಿದಾದುದನ್ನೂ ಸಾಲಿಗೆ ಸೇರಿಸುತ್ತಾನೆ. ಶಿಫ್ಟ್ ರಿಜಿಸ್ಟರ್ ಎಂಬ ಚಿಪ್ಪಿನ ಕೆಲಸ ಇಷ್ಟೇ. ಒಂದು ಆಸಿಲೇಟರು ಬಾವಿ, ಇನ್ನೊಂದು ಮದ್ದಳೆ. ಸಾಲಿನ ಕಡೆಯ ಮೂರು ಕೊಡಗಳನ್ನು ನೋಡಿ, ಒಂದಕ್ಕೆ ೪, ಮತ್ತೊಂದಕ್ಕೆ ೨, ಇನ್ನೊಂದಕ್ಕೆ ೧ ಎಂದು ಬೆಲೆ ಕಟ್ಟಿ ಕೂಡಿದರೆ ಸೊನ್ನೆಯಿಂದ ಏಳರವರೆಗೆ ಎಂಟು ಮಟ್ಟಗಳ ವೋಲ್ಟೇಜು ದೊರೆಯುತ್ತದೆ. ಈಗ ಚಮತ್ಕಾರ: ಆ ವೋಲ್ಟೇಜನ್ನು ತಿರುಗಿ ಎರಡು ಆಸಿಲೇಟರುಗಳಿಗೂ ಉಣಿಸುತ್ತಾರೆ. ಕೊಡಗಳ ಲೆಕ್ಕದ ಮೇಲೆ ಮದ್ದಳೆಯ ವೇಗವೂ ಬದಲಾಗುತ್ತದೆ, ಬಾವಿಯ ನೀರೂ ಬದಲಾಗುತ್ತದೆ, ಅವುಗಳಿಂದ ಮತ್ತೆ ಕೊಡಗಳು ಬದಲಾಗುತ್ತವೆ. ತಾನು ಹಾಡಿದ್ದನ್ನು ತಾನೇ ಕೇಳಿ ಮುಂದಿನದನ್ನು ಹಾಡುವ ಯಂತ್ರ ಇದು. ಮದ್ದಳೆಯನ್ನು ಸೆಕೆಂಡಿಗೆ ನಾಲ್ಕೈದು ಪೆಟ್ಟಿಗೆ ಇಳಿಸಿದರೆ ಎಂಟು ಸ್ವರಗಳ ವಿಚಿತ್ರ ವರಸೆ ಕೇಳುತ್ತದೆ. ನೂರಾರಕ್ಕೆ ಏರಿಸಿದರೆ ಕೊರಗುವ, ಕೆಮ್ಮುವ, ಚಿಲಿಪಿಲಿಗುಟ್ಟುವ ನಾದ. ಉಣಿಸುವ ಪ್ರಮಾಣವನ್ನು ಸೊನ್ನೆ ಮಾಡಿದೊಡನೆ ಎರಡು ಆಸಿಲೇಟರುಗಳೂ ಸಾಧುವಾಗಿ ಒಂದೊಂದೇ ಸ್ವರವನ್ನು ಹಿಡಿದು ನಿಲ್ಲುತ್ತವೆ.

ಈ ಕೆಲಸಕ್ಕೆ ೪೦೨೧ ಎಂಬ ಅಗ್ಗದ ಚಿಪ್ಪು ಒದಗುತ್ತದೆ. ಎಂಟು ಮನೆಗಳಿರುವ ಇದರಲ್ಲಿ ಆರು, ಏಳು, ಎಂಟನೆಯ ಮನೆಗಳು ಮಾತ್ರವೇ ಹೊರಗೆ ಬಾಗಿಲು ತೆರೆದಿರುವುದರಿಂದ ನಮಗೆ ಬೇಕಾದ ಮೂರು ಕೊಡಗಳು ತಾವಾಗಿಯೇ ಸಿಕ್ಕುತ್ತವೆ. ಆದರೆ ಹೊಸಬರು ಇಲ್ಲಿಯೇ ಎಡವುವುದು. ಈ ಚಿಪ್ಪು ೧೮ ವೋಲ್ಟಿಗಿಂತ ಹೆಚ್ಚನ್ನು ಸಹಿಸದು. ಯೂರೋರ‍್ಯಾಕಿನ ಎರಡು ತುದಿಗಳ ನಡುವೆ ಇರುವುದು ೨೪ ವೋಲ್ಟ್. ಆದಕಾರಣ ಇದನ್ನು ಭೂಮಿಗೂ ಧನ ೧೨ಕ್ಕೂ ನಡುವೆಯೇ ಕಟ್ಟತಕ್ಕದ್ದು, ಇದರೊಳಕ್ಕೆ ಹೋಗುವ ಚೌಕದಲೆಗಳು ಋಣದ ಕಡೆಗೆ ಇಳಿಯದಂತೆ ಡಯೋಡಿನಿಂದ ತಡೆಯತಕ್ಕದ್ದು. ಒಂಬತ್ತನೆಯ ಕಾಲನ್ನು ಭೂಮಿಗೆ ಕಟ್ಟದಿದ್ದರೆ ಸಾಲು ಸಾಗುವುದೇ ಇಲ್ಲ. ಉಪಯೋಗಿಸದ ಒಳಗಾಲುಗಳನ್ನೂ ಭೂಮಿಗೆ ಸೇರಿಸಬೇಕು. ಗಾಳಿಯಲ್ಲಿ ಬಿಟ್ಟರೆ ಬೆರಳು ಹತ್ತಿರ ಬಂದರೂ ಹುಚ್ಚಾಟವಾಡುತ್ತವೆ, ಅದು ನಮಗೆ ಬೇಕಾದ ಹುಚ್ಚಲ್ಲ.

ಇದಕ್ಕಿಂತ ಶುದ್ಧವಾದ ಮಾರ್ಗ ಬೇಕೆಂಬವರಿಗೆ ಲಿಯಾನ್ ಚುವಾ ಅವರು ೧೯೮೩ರಲ್ಲಿ ಜಪಾನಿನ ವಸೇಡಾ ವಿಶ್ವವಿದ್ಯಾನಿಲಯಕ್ಕೆ ಹೋಗಿದ್ದಾಗ ಕಲ್ಪಿಸಿದ ಸರ್ಕಿಟ್ ಇದೆ. ಮುಂದೆ ಪ್ರಚಾರಕ್ಕೆ ಬಂದ ಅದರ ಒಂದು ಸುಲಭ ರೂಪದಲ್ಲಿ ೧೮ ಮಿಲಿಹೆನ್ರಿಯ ಸುರುಳಿ, ೧೦ ಮತ್ತು ೧೦೦ ನ್ಯಾನೋಫ್ಯಾರಡಿನ ಎರಡು ಕೆಪ್ಯಾಸಿಟರುಗಳು, ೨ ಕಿಲೋಓಮಿನ ತಿರುಪು, ಎರಡು ಆಪ್‌ಆಂಪುಗಳು, ಆರು ರೆಸಿಸ್ಟರುಗಳು, ಎರಡು ೯ ವೋಲ್ಟಿನ ಬ್ಯಾಟರಿಗಳು, ಇಷ್ಟೇ ಸಾಮಗ್ರಿ. ತಿರುಪನ್ನು ನಿಧಾನವಾಗಿ ಇಳಿಸುತ್ತ ಬಂದರೆ ಮೊದಲು ಮೌನ, ಬಳಿಕ ಒಂದು ಸ್ವರ, ಅನಂತರ ಅದರ ಕೆಳಗಿನ ಸ್ಥಾಯಿಯೂ ಸೇರಿಕೊಂಡು, ಕಡೆಗೆ ಕುದಿಯುವ ಸದ್ದು ಬರುತ್ತದೆ. ಈ ಅಳತೆಗಳಲ್ಲಿ ಸುರುಳಿಯ ಸಹಜವಾದ ಕಂಪನವು ಸೆಕೆಂಡಿಗೆ ಸುಮಾರು ೩೭೫೦ ಆಗುವುದರಿಂದ ನಾದವು ಕಿವಿಗೆ ತೀಕ್ಷ್ಣವೆನಿಸುತ್ತದೆ. ಸುರುಳಿಯನ್ನೂ ಎರಡು ಕೆಪ್ಯಾಸಿಟರುಗಳನ್ನೂ ಹತ್ತರಷ್ಟು ಹೆಚ್ಚಿಸಿದರೆ ರೆಸಿಸ್ಟರುಗಳನ್ನು ಮುಟ್ಟದೆಯೇ ಎಲ್ಲವೂ ಹತ್ತನೆಯ ಒಂದಕ್ಕೆ ಇಳಿಯುತ್ತದೆ. ಅಷ್ಟು ದೊಡ್ಡ ಸುರುಳಿಯ ತಂತಿಯ ತಡೆಯು ಆಟವನ್ನೇ ಕೊಂದುಬಿಡುವುದರಿಂದ, ಆಪ್‌ಆಂಪುಗಳಿಂದ ಸುರುಳಿಯ ವೇಷ ಹಾಕಿಸುವುದೇ ಮೇಲು. ಇನ್ನೂ ನಿಧಾನ ಬೇಕೇ? ಆಸ್ಟ್ರೇಲಿಯದ ನಾನ್‌ಲೀನಿಯರ್‌ಸರ್ಕಿಟ್ಸ್ ಎಂಬವರ ಸ್ಲಾತ್ ಎಂಬ ಫಲಕಗಳು ಒಂದು ಸುತ್ತಿಗೆ ಹಲವಾರು ನಿಮಿಷಗಳನ್ನು ತೆಗೆದುಕೊಳ್ಳುವುದುಂಟು. ಅವುಗಳನ್ನು ಕೇಳುವುದಿಲ್ಲ, ಫಿಲ್ಟರಿನ ತಿರುಪನ್ನು ಆಡಿಸಲು ಬಿಡುತ್ತಾರೆ.

ಗೃಹಿಣಿಯರ ಪರವಾಗಿ ಎರಡು ಮಾತುಗಳು. ಮೊದಲನೆಯ ವರ್ಷ ಗೋಡೆಯ ವಿದ್ಯುತ್ತನ್ನು ಮುಟ್ಟುವ ಯಾವ ಪೆಟ್ಟಿಗೆಯನ್ನೂ ಮನೆಯಲ್ಲಿ ಕಟ್ಟಬಾರದು. ಎರಡು ಬ್ಯಾಟರಿಗಳು ಸಾಕು, ಮುಂದೆ ಸಿದ್ಧವಾದ ಅಡಾಪ್ಟರನ್ನು ಕೊಂಡರಾಯಿತು. ಬೆಸುಗೆಯ ಲೋಹದಲ್ಲಿ ಸೀಸವಿರುವುದುಂಟು. ಆದುದರಿಂದ ಊಟದ ಮೇಜಿನ ಮೇಲೆ ಬೆಸುಗೆ ಬೇಡ, ಕಿಟಕಿ ತೆರೆದಿರಲಿ, ಕೆಲಸವಾದ ಮೇಲೆ ಸೋಪಿನಿಂದ ಕೈ ತೊಳೆಯಲಿ, ಕೂಸುಗಳು ಹತ್ತಿರ ಸುಳಿಯದಿರಲಿ. ಪಟ್ಟಿತಂತಿಯ ಕೆಂಪು ಅಂಚು ಋಣ ೧೨ರ ಕಡೆಗಿರಬೇಕು. ತಿರುವುಮುರುವಾದರೆ ಚಿಪ್ಪುಗಳು ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಎಲ್ಲಕ್ಕಿಂತ ಮುಖ್ಯವಾದುದು ಕಿವಿ. ಫಲಕಗಳಿಂದ ಬರುವ ಅಲೆಯು ಶಿಖರದಿಂದ ತಗ್ಗಿಗೆ ಹತ್ತು ವೋಲ್ಟಿನವರೆಗೂ ಇರಬಹುದು, ಮನೆಯ ಆಂಪ್ಲಿಫೈಯರಿಗೆ ಅದರ ಹತ್ತನೆಯ ಒಂದು ಪಾಲು ಸಾಕು. ಕಿವಿಯ ಮೇಲಿಡುವ ಹೆಡ್‌ಫೋನನ್ನು ಫಲಕಕ್ಕೆ ನೇರವಾಗಿ ಎಂದಿಗೂ ಚುಚ್ಚಕೂಡದು. ಅಂಕೆಗೆ ಸಿಕ್ಕದ ನಾದವು ಮುನ್ಸೂಚನೆಯಿಲ್ಲದೆ ಅಬ್ಬರಿಸುವುದೇ ಅದರ ಸ್ವಭಾವ.

ಈಗ ನಮ್ಮ ವಾಚಕರ ಮಗಳ ಯಂತ್ರಕ್ಕೆ ಬರೋಣ. ಕೈತಪ್ಪನ್ನು ಕಂಡುಹಿಡಿಯುವುದು ಕಷ್ಟವಲ್ಲ. ತಿರುಗಿ ಉಣಿಸುವ ತಂತಿಯನ್ನು ಕಿತ್ತುಬಿಡಲಿ. ಆಸಿಲೇಟರುಗಳು ಶುದ್ಧವಾದ ಸ್ವರ ಹಿಡಿದು ನಿಂತರೆ ಅವು ಸರಿಯಾಗಿವೆ. ತಂತಿಯನ್ನು ಮತ್ತೆ ಚುಚ್ಚಿ, ಫಲಕದ ಬೆನ್ನನ್ನು ಪೆನ್ಸಿಲಿನ ತುದಿಯಿಂದ ಮೆಲ್ಲನೆ ತಟ್ಟಲಿ. ತಟ್ಟಿದಾಗಲೆಲ್ಲ ಸದ್ದು ಕತ್ತರಿಸಿದರೆ ಎಲ್ಲಿಯೋ ಬೆಸುಗೆ ಹಸಿಯಾಗಿದೆ. ತಟ್ಟಿದರೂ ಜಗ್ಗದೆ, ತಿರುಪನ್ನು ಒಂದು ಸ್ಥಾನದಲ್ಲಿಟ್ಟರೆ ಕಪ್ಪೆಯ ಜಾತಿಯ ಸದ್ದೂ ಇನ್ನೊಂದು ಸ್ಥಾನದಲ್ಲಿ ತಿರುಗಣಿಯ ಜಾತಿಯ ಸದ್ದೂ ಪ್ರತಿಸಲ ಬರುತ್ತಿದ್ದರೆ, ಯಂತ್ರವೂ ಸರಿ, ಹುಡುಗಿಯ ಕೈಯೂ ಸರಿ. ಕೂಗು ಒಂದೇ ಆಗಿರುವುದಿಲ್ಲ, ಜಾತಿ ಮಾತ್ರ ಒಂದೇ. ಕಾಗದದಲ್ಲಿ ಅವರು ಬರೆದಿರುವ ಲಕ್ಷಣಗಳನ್ನು ನೋಡಿದರೆ ನಮಗಂತೂ ಎರಡನೆಯದೇ ಸಂಭವವೆಂದು ತೋರುತ್ತದೆ.

ಇದು ಸಂಗೀತವೇ ಎಂದು ಕೆಲವರು ಕೇಳಿಯೇ ಕೇಳುತ್ತಾರೆ. ಇದು ಪರದೇಶದ ಹೊಸ ಹುಚ್ಚೆಂದು ತಳ್ಳಿಬಿಡುವ ಮುನ್ನ ಒಂದು ಸಂಗತಿಯನ್ನು ನೆನೆಯಬೇಕು. ೧೯೬೯ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರರ ಸಹಾಯದಿಂದ ಒಂದು ಮೂಗ್ ಯಂತ್ರವು ಸ್ಥಾಪಿತವಾಯಿತು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮ, ಜಿನರಾಜ್ ಜೋಶಿಪುರ ಎಂಬವರು ಅದರ ಮೇಲೆ ೧೯೭೨ರವರೆಗೆ ಕೆಲಸ ಮಾಡಿದರು. ಆ ಟೇಪುಗಳು ಬಹುಕಾಲ ಕಪಾಟಿನಲ್ಲಿಯೇ ಉಳಿದಿದ್ದು, ೨೦೨೩ರಲ್ಲಿ ಸಂಕಲನವಾಗಿ ಹೊರಬಿದ್ದವು. ನಮ್ಮ ದೇಶದಲ್ಲಿಯೇ ನಡೆದ ಕೆಲಸವು ನಮ್ಮ ಕಿವಿಗೆ ಬೀಳಲು ಐವತ್ತು ವರ್ಷ ಹಿಡಿಯಿತು. ಟೇಪಿನ ಮೇಲೆ ಉಳಿಯದೆ ಹೋಗಿದ್ದರೆ ಅದೂ ಇಲ್ಲ.

ಆದಕಾರಣ ಈ ಹುಡುಗಿಗೆ ನಾವು ಹೇಳುವುದು ಇಷ್ಟು. ಒಳ್ಳೆಯ ನಾದವು ಸಿಕ್ಕಿದಾಗ ತಂತಿಗಳ ಚಿತ್ರವನ್ನೂ ತಿರುಪುಗಳ ಸ್ಥಾನವನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ, ಆದರೆ ನಾಳೆ ಅದೇ ನಾದ ಅದರಿಂದ ಬರುವುದೆಂದು ನಂಬದಿರಲಿ. ಕೋಣೆಯ ಶಾಖವು ಎರಡು ಡಿಗ್ರಿ ಏರಿದರೂ ಆಸಿಲೇಟರುಗಳು ಬೇರೆ ದಾರಿ ಹಿಡಿಯಬಹುದು. ಯಂತ್ರವನ್ನು ಹೊತ್ತಿಸುವ ಮುನ್ನ ರೆಕಾರ್ಡರನ್ನು ಹೊತ್ತಿಸಿಡಲಿ, ನಿಲ್ಲಿಸುವಾಗ ಅದನ್ನು ಕಡೆಗೆ ನಿಲ್ಲಿಸಲಿ.